ಆನ್ ಆಯಿತು ಎಂದರೆ ಆಯಿತೇ?

ಹೋದ ತಿಂಗಳ ಒಂದು ಶನಿವಾರ ಸಂಜೆ ಅಕ್ಕನ ಮಗ ಫೋನ್ ಮಾಡಿದ. “ಮಾಮ, ಫ್ಯಾನ್ ತಿರುಗ್ತಿದೆ, ಲೈಟ್ ಉರೀತಿದೆ, ಸ್ಕ್ರೀನ್ ಮಾತ್ರ ಬರ್ತಾನೇ ಇಲ್ಲ. ರ‍್ಯಾಮ್ ಹಾಕೋ ಮುಂಚೆ ಚೆನ್ನಾಗೇ ಇತ್ತು.” ಬೆಳಗ್ಗೆ ಎಸ್.ಪಿ. ರೋಡಿನ ಕಂಪ್ಯೂಟರ್ ಅಂಗಡಿಗೆ ಹೋಗಿ 8 ಜಿಬಿಯ ಹೊಸ ರ‍್ಯಾಮ್ ಸ್ಟಿಕ್ ತಂದು, ಮೊದಲೇ ಇದ್ದ 8 ಜಿಬಿಯ ಪಕ್ಕ ಕೂರಿಸಿದ್ದ. ಕೆಟ್ಟ ಮಾಲು ಕೊಟ್ಟಿದ್ದಾರೆ ಎಂದು ತೀರ್ಮಾನಿಸಿ, ಅಂಗಡಿ ಮುಚ್ಚುವುದರೊಳಗೆ ವಾಪಸು ಕೊಟ್ಟುಬರಲು ಚಪ್ಪಲಿ ಮೆಟ್ಟಿದ್ದ. ಎಲ್ಲಿಗೂ ಹೋಗಬೇಡ, ನಾನೇ ಬರುತ್ತೇನೆ ಎಂದೆ.

ಹೊಸ ಸ್ಟಿಕ್ ತೆಗೆದು, ಹಳೆಯದೊಂದರಲ್ಲೇ ಆನ್ ಮಾಡಿಸಿದೆ. ಸ್ಕ್ರೀನ್ ಬಂತು. ಈ ಹೆಜ್ಜೆಯನ್ನು ಹಾರಿಸಿ ಮುಂದೆ ಹೋಗುವವರೇ ಹೆಚ್ಚು. ರ‍್ಯಾಮ್ ಹಾಕಲು ಕ್ಯಾಬಿನೆಟ್ ತೆರೆದಾಗ ಕೈ ಬೇರೆ ಕಡೆಗೂ ತಾಗಿರುತ್ತದೆ. ಹಾರ್ಡ್ ಡಿಸ್ಕಿನ ಕೇಬಲ್ ಸಡಿಲವಾಗಿರಬಹುದು, ಗ್ರಾಫಿಕ್ಸ್ ಕಾರ್ಡ್ ಒಂದು ಕೂದಲೆಳೆಯಷ್ಟು ಮೇಲೆದ್ದಿರಬಹುದು. ಹಳೆಯ ಸ್ಥಿತಿಗೆ ಮರಳಿಸಿದ ಮೇಲೂ ಯಂತ್ರ ಏಳದಿದ್ದರೆ ಹೊಸ ಸ್ಟಿಕ್ಕನ್ನು ದೂರಿ ಫಲವಿಲ್ಲ. ತೊಂದರೆ ಕೈ ತಾಗಿದ ಇನ್ನೆಲ್ಲೋ ಇದೆ. ಎದ್ದರೆ ಅಲ್ಲಿಂದ ಒಂದೊಂದೇ ಬದಲಾವಣೆ ಮಾಡುತ್ತ ಹೋಗಬೇಕು. ಒಟ್ಟಿಗೆ ಎರಡನ್ನು ಬದಲಿಸಿದರೆ ಯಾವುದರಿಂದ ಸರಿಹೋಯಿತು ಎಂದು ತಿಳಿಯುವುದೇ ಇಲ್ಲ.

ಪ್ರತಿ ಸಲ ಒಳಗೆ ಕೈ ಹಾಕುವ ಮೊದಲು ಯಂತ್ರ ಆರಿಸಿದರೆ ಸಾಲದು, ಪವರ್ ಕೇಬಲ್ಲನ್ನೇ ಕೀಳಬೇಕು. ಆಫ್ ಆಗಿ ಕಾಣುವ ಯಂತ್ರದ ಬೋರ್ಡಿಗೂ 5 ವೋಲ್ಟ್ ಹರಿಯುತ್ತಲೇ ಇರುತ್ತದೆ. ಕೇಬಲ್ ಕಿತ್ತ ಮೇಲೆ ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿದು, ಉಳಿದ ವಿದ್ಯುತ್ತೂ ಹೋದ ಮೇಲೆ, ಕ್ಯಾಬಿನೆಟ್ಟಿನ ಲೋಹವನ್ನು ಮುಟ್ಟಿ, ಆಮೇಲೆ ಸ್ಟಿಕ್ ಹಿಡಿಯಬೇಕು.

ಅವನ ಬೋರ್ಡಿನ ಸ್ಲಾಟಿಗೆ ಒಂದೇ ಬದಿಯಲ್ಲಿ ಲಾಕ್. ಇನ್ನೊಂದು ತುದಿ ಸುಮ್ಮನೆ ತೋಡಿನಲ್ಲಿ ಕೂರುವಂಥದು. ಲಾಕ್ ಇರುವ ಕಡೆ “ಟಕ್” ಎಂದಿತ್ತು, ಲಾಕ್ ಇಲ್ಲದ ತುದಿ ಪೂರ್ತಿ ಇಳಿದಿರಲಿಲ್ಲ. ಎರಡು ಹೆಬ್ಬೆರಳುಗಳಿಂದ ಎರಡೂ ತುದಿಗಳನ್ನು ಸಮನಾಗಿ ಒತ್ತಿದೆ. ಆನ್ ಮಾಡಿದರೆ 16 ಜಿಬಿ ತೋರಿಸಿತು.

ಇಲ್ಲಿ ರಬ್ಬರಿನ ವಿಷಯ ಹೇಳಿಯೇ ಮುಂದೆ ಹೋಗಬೇಕು. ಡಿಸ್‌ಪ್ಲೇ ಬರದಿದ್ದರೆ ರ‍್ಯಾಮ್ ಕಿತ್ತು, ಶಾಲೆಯ ರಬ್ಬರಿನಿಂದ ಪಿನ್ನುಗಳನ್ನು ಉಜ್ಜುವುದು ನಮ್ಮಲ್ಲಿ ಮನೆಮನೆಯ ಮದ್ದು. ನಾನು ಇದನ್ನು ಒಪ್ಪುವುದಿಲ್ಲ. ಅಲ್ಲಿರುವುದು ಬಲು ತೆಳುವಾದ ಚಿನ್ನದ ಲೇಪ. ಚಿನ್ನ ತುಕ್ಕು ಹಿಡಿಯುವುದಿಲ್ಲ, ಮೇಲೆ ಕೂರುವುದು ಜಿಡ್ಡು, ಧೂಳು. ಒತ್ತಿ ಉಜ್ಜಿದರೆ ಲೇಪವೇ ಸವೆಯುತ್ತದೆ, ರಬ್ಬರಿನ ಪುಡಿ ಸ್ಲಾಟಿಗೆ ಇಳಿಯುತ್ತದೆ. ಮೆತ್ತನೆಯ ಬಟ್ಟೆಗೆ ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿಸಿ ಒಂದು ಸಲ ಒರೆಸಿ, ಒಣಗಲು ಬಿಟ್ಟರೆ ಸಾಕು. ಎಷ್ಟೋ ಸಲ ರಬ್ಬರಿನಿಂದ ವಾಸಿಯಾಯಿತು ಎನ್ನುವುದು ಕಿತ್ತು ಮತ್ತೆ ಸರಿಯಾಗಿ ಕೂರಿಸಿದ್ದರಿಂದ ಆದದ್ದು.

ಬಹುಪಾಲು ಮನೆಗಳಲ್ಲಿ ಕಥೆ ಇಷ್ಟಕ್ಕೆ ಮುಗಿಯುತ್ತದೆ. ಅವನೂ ಮುಗಿಯಿತೆಂದುಕೊಂಡ. ಬುಧವಾರ ಮತ್ತೆ ಫೋನ್. ಎರಡು ಸಲ ನೀಲಿ ಪರದೆ ಬಂದು “ಮೆಮೊರಿ ಮ್ಯಾನೇಜ್‌ಮೆಂಟ್” ಎಂದು ತೋರಿಸಿ ರೀಸ್ಟಾರ್ಟ್ ಆಗಿತ್ತು. ಡೌನ್‌ಲೋಡ್ ಮಾಡಿದ ಜಿಪ್ ಫೈಲ್ ಬಿಚ್ಚುತ್ತಿರಲಿಲ್ಲ. ಮೊಬೈಲಿನಿಂದ ಕಾಪಿ ಮಾಡಿದ್ದ ಪ್ರವಾಸದ ಫೋಟೊಗಳಲ್ಲಿ ಕೆಲವುಗಳ ಕೆಳಗಿನ ಅರ್ಧ ಬೂದಿಬಣ್ಣದ ಪಟ್ಟಿಯಾಗಿತ್ತು. ನನಗೆ ಭಯವಾದದ್ದು ಆ ಫೋಟೊಗಳನ್ನು ಕಂಡು. ಏಕೆಂದು ತಿಳಿಯಲು ರ‍್ಯಾಮಿನ ಒಳಗನ್ನು ನೋಡಬೇಕು.

1968ರಲ್ಲಿ ಐಬಿಎಮ್‌ನ ರಾಬರ್ಟ್ ಡೆನಾರ್ಡ್ ಪೇಟೆಂಟ್ ಪಡೆದ ಉಪಾಯವೇ ಇಂದಿಗೂ ನಮ್ಮ ರ‍್ಯಾಮಿನ ತಳಪಾಯ. ಒಂದೊಂದು ಬಿಟ್ಟಿಗೂ ಒಂದು ಟ್ರಾನ್ಸಿಸ್ಟರ್, ಒಂದು ಪುಟ್ಟ ಕೆಪಾಸಿಟರ್. ಅದರಲ್ಲಿ ಚಾರ್ಜ್ ಇದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ. ತಳ ಸೀಳಿದ ಕೊಡದ ಹಾಗೆ ಆ ಚಾರ್ಜ್ ಸೋರುತ್ತಲೇ ಇರುತ್ತದೆ. ಆದ್ದರಿಂದ, ಅವನಲ್ಲಿದ್ದ ಡಿಡಿಆರ್4 ಬಗೆಯ ರ‍್ಯಾಮಿನಲ್ಲಿ, 64 ಮಿಲಿಸೆಕೆಂಡಿಗೊಮ್ಮೆ ಎಲ್ಲವನ್ನೂ ಓದಿ ಮತ್ತೆ ತುಂಬಬೇಕು. 8 ಜಿಬಿಯ ಒಂದು ಸ್ಟಿಕ್ಕಿನಲ್ಲಿ ಇಂಥ ಕೋಶಗಳು ಸುಮಾರು 6,870 ಕೋಟಿ. ತಾಳುವ ವೇಗಕ್ಕಿಂತ ಹೆಚ್ಚು ಓಡಿಸಿದರೆ ಎಲ್ಲೋ ಒಂದು ಬಿಟ್ ತಪ್ಪಾಗಿ ಓದಿಸಿಕೊಳ್ಳುತ್ತದೆ. ಸರ್ವರುಗಳಲ್ಲಿ ಇದನ್ನು ಹಿಡಿದು ತಿದ್ದುವ ಇಸಿಸಿ ಮೆಮೊರಿ ಇರುತ್ತದೆ, ಮನೆಯ ಯಂತ್ರಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಫೈಲ್ ಕಾಪಿ ಆಗುವುದು ಮೆಮೊರಿಯ ಮೂಲಕವೇ ಆದ್ದರಿಂದ ಆ ತಪ್ಪು ಡಿಸ್ಕಿಗೂ ಇಳಿಯುತ್ತದೆ. ಡಿಸ್ಕಿನಿಂದ ಬ್ಯಾಕಪ್ಪಿಗೂ. ಪೂರ್ತಿ ಸತ್ತ ರ‍್ಯಾಮ್ ಈ ನಷ್ಟ ಮಾಡುವುದಿಲ್ಲ. ಅರ್ಧ ಕೆಲಸ ಮಾಡುವ ರ‍್ಯಾಮ್ ಮಾಡುತ್ತದೆ.

ಪೆನ್‌ಡ್ರೈವಿನಲ್ಲಿ ಮೆಮ್‌ಟೆಸ್ಟ್ 86 ಪ್ಲಸ್ ಹಾಕಿಕೊಂಡು ಹೋದೆ. ಉಚಿತ ತಂತ್ರಾಂಶ, ವಿಂಡೋಸ್ ಏಳುವ ಮೊದಲೇ ಪೆನ್‌ಡ್ರೈವಿನಿಂದ ತಾನೇ ಎದ್ದು, ಮೆಮೊರಿಯ ತುಂಬ ಬಗೆಬಗೆಯ ವಿನ್ಯಾಸಗಳನ್ನು ಬರೆದು ಓದಿ ತಾಳೆ ನೋಡುತ್ತದೆ. ಹತ್ತು ನಿಮಿಷಕ್ಕೇ ಕೆಂಪು ಸಾಲುಗಳು ಬಂದವು. ಹಳೆಯ ಸ್ಟಿಕ್ ಒಂದನ್ನೇ ಇಟ್ಟು ಒಂದು ರಾತ್ರಿ ಓಡಿಸಿದೆವು, ತಪ್ಪಿಲ್ಲ. ಮರುದಿನ ರಾತ್ರಿ ಅದೇ ಸ್ಲಾಟಿನಲ್ಲಿ ಹೊಸದೊಂದನ್ನೇ ಇಟ್ಟೆವು, ಅದರಲ್ಲೂ ಇಲ್ಲ. ಮಾಲು ಎರಡೂ ಚೊಕ್ಕವಾಗಿದ್ದವು.

ಬಯಾಸ್ ತೆರೆದಾಗ ಕಾರಣ ಸಿಕ್ಕಿತು. ಡಿಡಿಆರ್4ರಲ್ಲಿ ಹಳೆಯದು 2666 ವೇಗದ್ದು, ಹೊಸದು 3200. ಎರಡನ್ನೂ ಹಾಕಿ ಸುಮ್ಮನಿದ್ದಿದ್ದರೆ ಬೋರ್ಡ್ ತಾನಾಗಿಯೇ ಎರಡಕ್ಕೂ ಒಗ್ಗುವ ವೇಗ ಹಿಡಿಯುತ್ತಿತ್ತು. ವೇಗ ಹೆಚ್ಚಲಿ ಎಂದು ಹುಡುಗ ಎಕ್ಸ್‌ಎಂಪಿ ಪ್ರೊಫೈಲ್ ಆನ್ ಮಾಡಿದ್ದ. ಹೊಸ ಸ್ಟಿಕ್ಕಿನ 3200 ಹಳೆಯದರ ಮೇಲೂ ಬಿದ್ದಿತ್ತು. ಪ್ರೊಫೈಲ್ ಆಫ್ ಮಾಡಿದೆ, ಎರಡೂ 2666ಕ್ಕೆ ಇಳಿದವು. ಆ ರಾತ್ರಿಯಿಡೀ ಓಡಿದ ಪರೀಕ್ಷೆಯಲ್ಲಿ ಒಂದು ತಪ್ಪೂ ಬರಲಿಲ್ಲ.

“ವೇಗ ಕಮ್ಮಿ ಆಯ್ತಲ್ಲ ಮಾಮ” ಎಂದ. ಲೆಕ್ಕ ಹಾಕಿ ತೋರಿಸಿದೆ. 3200ರ ಒಂಟಿ ಸ್ಟಿಕ್ ಸೆಕೆಂಡಿಗೆ ಹೆಚ್ಚೆಂದರೆ 25.6 ಜಿಬಿ ಸಾಗಿಸಬಲ್ಲದು. 2666ರದ್ದು 21.3. ಆದರೆ ಜೋಡಿಯಾಗಿ ಎರಡು ಚಾನೆಲ್ಲುಗಳಲ್ಲಿ ಕೂತಾಗ ಅದು 42.6. ಮೊದಲಿದ್ದುದರ ಎರಡರಷ್ಟು. ನಾಲ್ಕು ಸ್ಲಾಟಿನ ಬೋರ್ಡ್ ಇದ್ದವರು ಜೋಡಿಯನ್ನು ಸಾಮಾನ್ಯವಾಗಿ ಪ್ರೊಸೆಸರಿನಿಂದ ಎಣಿಸಿ ಎರಡನೆಯ, ನಾಲ್ಕನೆಯ ಸ್ಲಾಟಿಗೆ ಹಾಕಬೇಕು. ಬೋರ್ಡಿನ ಪುಸ್ತಕದಲ್ಲಿ ಚಿತ್ರವೇ ಇರುತ್ತದೆ.

ಡಿಡಿಆರ್5 ಯಂತ್ರ ಇರುವವರಿಗೆ ಬೇರೆ ಒಂದು ಮಾತು. ಹೊಸ ರ‍್ಯಾಮ್ ಹಾಕಿದ ಮೊದಲ ಸಲ ಬೋರ್ಡ್ ಅದರೊಂದಿಗೆ ಹೊಂದಿಕೊಳ್ಳಲು ಕೆಲವು ನಿಮಿಷ ತೆಗೆದುಕೊಳ್ಳುತ್ತದೆ. ಅಷ್ಟು ಹೊತ್ತೂ ಪರದೆ ಕಪ್ಪಾಗಿಯೇ ಇರುತ್ತದೆ. ಗಾಬರಿಯಾಗಿ ಪವರ್ ತೆಗೆಯದೆ ಒಂದು ಕಾಲು ಗಂಟೆ ಕಾಯಿರಿ.

ಅವನ ಹಾಳಾದ ಫೋಟೊಗಳು ಮೊಬೈಲಿನಲ್ಲಿ ಇನ್ನೂ ಇದ್ದವು, ಮತ್ತೆ ಕಾಪಿ ಮಾಡಿಕೊಂಡ. ನಿಮ್ಮ ಮನೆಯ ಯಂತ್ರಕ್ಕೆ ಈಚೆಗೆ ರ‍್ಯಾಮ್ ಹಾಕಿಸಿದ್ದರೆ, ಅದು ಚೆನ್ನಾಗಿಯೇ ನಡೆಯುತ್ತಿದ್ದರೂ, ಇವತ್ತು ಮಲಗುವ ಮುನ್ನ ಮೆಮ್‌ಟೆಸ್ಟ್ ಪರೀಕ್ಷೆ ಹಚ್ಚಿಡಿ. ಬೆಳಗ್ಗೆ ಒಂದೇ ಒಂದು ತಪ್ಪು ಕಂಡರೂ ಅದನ್ನು ಸರಿಪಡಿಸುವವರೆಗೆ ಮೂಲ ಫೈಲುಗಳನ್ನು ಎಲ್ಲಿಂದಲೂ ಅಳಿಸಬೇಡಿ.