ಗುಳೆಯ ಹೊಣೆ ಬರದ ಹೆಗಲಿಗೇಕೆ?

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳ ಬಗ್ಗೆ ಪತ್ರಿಕೆಗಳಲ್ಲಿ ವರ್ಷವರ್ಷವೂ ಒಂದೇ ವರದಿ ಮರುಮುದ್ರಣವಾಗುತ್ತದೆ. ಮಳೆ ಕೈಕೊಟ್ಟಿತು, ತಾಂಡಾಗಳು ಬಿಕೋ ಎನ್ನುತ್ತಿವೆ, ಜನ ಗುಳೆ ಹೊರಟರು. ಬೀಗ ಬಿದ್ದ ಮನೆಯ ಪಕ್ಕ ಮೊಮ್ಮಗುವನ್ನು ಕೂರಿಸಿಕೊಂಡ ಅಜ್ಜಿಯ ಫೋಟೊ ಇದ್ದೇ ಇರುತ್ತದೆ. ಬರೆದವರ ಕಳಕಳಿ ಸುಳ್ಳಲ್ಲ. ಆದರೆ ಬರ ಬಂತು, ಆದ್ದರಿಂದ ಗುಳೆ ಎಂಬ ವಿವರಣೆ ಅರ್ಧಸತ್ಯ. ಆ ಅರ್ಧಸತ್ಯದ ಮರೆಯಲ್ಲಿ ಲಾಭ ಮಾಡಿಕೊಳ್ಳುವವರು ಬೇರೆಯೇ ಇದ್ದಾರೆ ಎಂಬುದು ನನ್ನ ತಕರಾರು.

ಕ್ಯಾಲೆಂಡರನ್ನೇ ನೋಡಿ. ಬರವೊಂದೇ ಓಡಿಸುತ್ತಿದ್ದರೆ ಜನ ಹೊರಡಬೇಕಾದದ್ದು ಕೆರೆ ಬತ್ತಿ ಬೋರ್‌ವೆಲ್ ನಿಂತ ಬೇಸಿಗೆಯಲ್ಲಿ. ಆದರೆ ಕಾಫಿ ಸೀಮೆಗೆ ಹೋಗುವ ಗುಂಪುಗಳು ಹೊರಡುವುದು ದೀಪಾವಳಿ ಕಳೆದ ಮೇಲೆ, ಮೆಕ್ಕೆಜೋಳ, ಶೇಂಗಾ ಮನೆ ಸೇರುವ ಹೊತ್ತಿಗೆ. ಚಿಕ್ಕಮಗಳೂರಿನ ಕಡೆ ಅರೇಬಿಕಾ ಹಣ್ಣಾಗುವುದು ಆಗ. ಅದು ಮುಗಿಯುತ್ತ ಬರುವಾಗ ರೊಬಸ್ಟಾ ಶುರು. ಮಂಡ್ಯಕ್ಕೆ ಕಬ್ಬು ಕಡಿಯಲು ಹೋಗುವವರು ಅಲ್ಲಿನ ಕಾರ್ಖಾನೆ ಅರೆಯುವ ದಿನಗಳನ್ನು ನೋಡಿಕೊಂಡೇ ಗಂಟು ಕಟ್ಟುತ್ತಾರೆ. ಹೊರಡುವ ದಿನ ಗೊತ್ತುಮಾಡುವುದು ಅಲ್ಲಿನ ಬೆಳೆ. ಹಾಗಾಗಿಯೇ ಇಲ್ಲಿ ಮಳೆ ಚೆನ್ನಾಗಿ ಆದ ವರ್ಷವೂ ಟೆಂಪೊಗಳು ತುಂಬಿಕೊಂಡು ಹೋಗುತ್ತವೆ.

ಅಂದರೆ ಇದಕ್ಕೆ ಪಕ್ಕಾ ನೇಮಕಾತಿ ವ್ಯವಸ್ಥೆಯೊಂದಿದೆ. ತೋಟದ ಮಾಲೀಕನಿಗೆ ಎಷ್ಟು ಆಳು ಬೇಕೆಂದು ಆಳು ಒದಗಿಸುವ ಮೇಸ್ತ್ರಿಗೆ ಗೊತ್ತು. ಯಾವ ಮನೆಯಲ್ಲಿ ಮದುವೆ ನಿಂತಿದೆ, ಯಾರು ಬೋರ್ ಕೊರೆಸಿ ಸೋತಿದ್ದಾರೆ, ಯಾರು ಆಸ್ಪತ್ರೆ ಸಾಲದಲ್ಲಿದ್ದಾರೆ ಎಂಬುದೂ ಗೊತ್ತು. ಆತ ಮುಂಗಡ ಕೊಡುತ್ತಾನೆ. ಅಲ್ಲಿಗೆ ಅರ್ಜಿ, ಸಂದರ್ಶನ, ಆದೇಶಪತ್ರ ಎಲ್ಲವೂ ಮುಗಿದಂತೆ. ಬಡವರು ದಿಕ್ಕುಗೆಟ್ಟು ಹೊರಟರು ಎನ್ನುವಾಗ ನಾವು ಈ ಮೇಸ್ತ್ರಿಯನ್ನು, ಅವನ ಹಿಂದಿನ ಮಾಲೀಕನನ್ನು ಚಿತ್ರದಿಂದಲೇ ಅಳಿಸುತ್ತೇವೆ. ಮಳೆಯ ಮೇಲೆ ಯಾರೂ ಕೇಸು ಹಾಕಲಾರರು, ನೋಡಿ!

ಆ ಮುಂಗಡದ ಲೆಕ್ಕ ಇರುವುದು ಮೇಸ್ತ್ರಿಯ ಜೇಬಿನ ನೋಟ್‌ಬುಕ್ಕಿನಲ್ಲಿ. ಗಂಡನ ಹೆಸರಿನ ಕೆಳಗೆ ಹಬ್ಬಕ್ಕೆ ಕೊಟ್ಟದ್ದು, ಗಾಡಿ ಬಾಡಿಗೆ, ವಾರದ ಸಂತೆ ಖರ್ಚು, ಜ್ವರಕ್ಕೆ ತಂದ ಗುಳಿಗೆಯ ದುಡ್ಡು. ಎದುರಿಗೆ ಬಿಡಿಸಿದ ಹಣ್ಣಿನ ಕಿಲೊ. ಹೆಂಡತಿ ಬಿಡಿಸಿದ ಹಣ್ಣೂ ಗಂಡನ ಸಾಲಿನಲ್ಲೇ ಸೇರಿಹೋಗಿರುತ್ತದೆ. ಅವಳ ಹೆಸರು ಎಲ್ಲೂ ಇಲ್ಲ. ತೋಟದ ಲೈನ್ ಮನೆ ಬಿಡುವ ದಿನ, ಅಲ್ಲಿ ಲೆಕ್ಕ ಬರೆಯುವ ರೈಟರ ಪುಸ್ತಕಕ್ಕೂ ಈ ನೋಟ್‌ಬುಕ್ಕಿಗೂ ತಾಳೆಯಾಗದಿದ್ದರೆ ನಿಲ್ಲುವುದು ಮೇಸ್ತ್ರಿಯದೇ. ಕೂಲಿಯವನ ಕೈಯಲ್ಲಿ ಒಂದು ಚೀಟಿಯೂ ಇಲ್ಲ. ಮುಂಗಡ ತೀರದಿದ್ದರೆ ಬಾಕಿ ಮುಂದಿನ ಸುಗ್ಗಿಗೆ. ಸಾಲಕ್ಕೆ ದುಡಿಮೆಯನ್ನು ಒತ್ತೆಯಿಡಿಸಿಕೊಳ್ಳುವುದನ್ನು 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಅಪರಾಧವೆಂದು ಹೇಳಿದೆ. ಬರದ ಕಥೆಯಲ್ಲಿ ಈ ಕಾಯ್ದೆಗೆ ಜಾಗವೇ ಇಲ್ಲ.

ಉದ್ಯೋಗ ಖಾತ್ರಿ ಸರಿಯಾಗಿ ನಡೆದರೆ ಗುಳೆ ನಿಲ್ಲುತ್ತದೆ ಎನ್ನುವ ಗೆಳೆಯರಿದ್ದಾರೆ. ಅವರ ಮಾತನ್ನು ತಳ್ಳಿಹಾಕಲಾರೆ: ಕೆಲಸ ಸಿಕ್ಕಿದಲ್ಲಿ, ಮುಖ್ಯವಾಗಿ ಹೆಂಗಸರು, ಊರಲ್ಲೇ ಉಳಿದದ್ದುಂಟು. ಆದರೆ ಲೆಕ್ಕ ಹಾಕಿ. 2025–26ರಲ್ಲಿ ಕರ್ನಾಟಕದ ದರ ದಿನಕ್ಕೆ 370 ರೂಪಾಯಿ ಇತ್ತು. ಆಗ ಇಡೀ ಕುಟುಂಬಕ್ಕೆ 100 ದಿನ. ಪೂರ್ತಿ ಸಿಕ್ಕಿದ್ದರೆ ವರ್ಷಕ್ಕೆ 37,000. ಅದೂ ದುಡಿದ ಮೇಲೆ, ತುಣುಕು ತುಣುಕಾಗಿ. ಮೇಸ್ತ್ರಿ ಕೊಡುವುದು ದುಡಿಯುವ ಮೊದಲು, ಒಂದೇ ಗಂಟಾಗಿ. ಮದುವೆ, ಆಸ್ಪತ್ರೆ, ಬೋರ್‌ವೆಲ್ ಕಂತು ಕಂತಾಗಿ ಬರುವುದಿಲ್ಲವಲ್ಲ. ಸರ್ಕಾರ ಕೂಲಿಯ ದರದಲ್ಲಿ ಮೇಸ್ತ್ರಿಯೊಂದಿಗೆ ಪೈಪೋಟಿಗಿಳಿದಿದೆ. ಅವನು ಗೆಲ್ಲುತ್ತಿರುವುದು ಸಾಲದಲ್ಲಿ.

ಹೊರಗೆ ಹೋಗಿ ದುಡಿಯುವುದೇ ಅವಮಾನ ಎಂಬ ಧ್ವನಿಯನ್ನಂತೂ ನಾನು ಒಪ್ಪುವುದಿಲ್ಲ. ಕೊಟ್ಟೂರಿನ ಕಾದಂಬರಿಕಾರ ಕುಂವೀ ಮೇಷ್ಟ್ರ ಕೆಲಸಕ್ಕೆ ಆಂಧ್ರದ ಹಳ್ಳಿಗೆ ಹೋದವರೇ. ಅದನ್ನು ಯಾರೂ ಗುಳೆ ಎನ್ನಲಿಲ್ಲ. ನಮ್ಮ ರಾಜಕೀಯ ಶಕ್ತಿಯೂ ಸಂಬಳದ ನೌಕರಿಯ ಕಡೆಗೇ ವಾಲಿದೆ. 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿದ್ದರಿಂದ, ನೌಕರಿಯಲ್ಲಿ ಮೀಸಲಾತಿ ಕೊಡುವ ಸಂವಿಧಾನದ 371(ಜೆ) ವಿಧಿಯಿಂದ ಹೊರಗುಳಿದಿದ್ದ ಹರಪನಹಳ್ಳಿ ದೀರ್ಘ ಹೋರಾಟ ಮಾಡಿ ಅದನ್ನು ಪಡೆಯಿತು. ನ್ಯಾಯವಾದ ಹೋರಾಟ. ಕಬ್ಬು ಕಡಿಯುವವರ ಲೆಕ್ಕದ ಪುಸ್ತಕಕ್ಕಾಗಿ ಅಂಥದ್ದೊಂದು ಬಂದ್ ನಡೆದದ್ದನ್ನು ನಾನು ಕಾಣೆ.

ಲೆಕ್ಕದ ಪುಸ್ತಕವಿಲ್ಲದ ದುಡಿಮೆ ನಮ್ಮಲ್ಲಿ ಮಾತ್ರ ಇರುವುದಲ್ಲ. ಇಂಜಿನಿಯರಿಂಗ್ ಓದಿದ ಹುಡುಗರು ಇಂದು ಫಿನ್‌ಲೆಂಡ್‌ನ ಕನಸು ಕಾಣುತ್ತಾರೆ: ಲಿಖಿತ ಒಪ್ಪಂದ, ಹೊತ್ತಿಗೆ ಸರಿಯಾಗಿ ಮನೆ, ಸಾಹೇಬನನ್ನೂ ಹೆಸರು ಹಿಡಿದು ಕರೆಯುವ ಸಲುಗೆ. ಅದೇ ದೇಶದ ಕಾಡಿನಲ್ಲಿ ಬೆರ್ರಿ ಹಣ್ಣು ಆರಿಸಲು ಥಾಯ್ಲೆಂಡಿನ ರೈತರು ಸಾಲ ಮಾಡಿ, ಪ್ರವಾಸಿ ವೀಸಾದಲ್ಲಿ, ಕಿಲೊ ಲೆಕ್ಕದಲ್ಲಿ ದುಡಿಯುತ್ತಿದ್ದರು. ಕಾಡಿನ ಹಣ್ಣು ಯಾರು ಬೇಕಾದರೂ ಕೀಳಬಹುದಾದ್ದರಿಂದ ಅವರು ಕಾರ್ಮಿಕರೇ ಅಲ್ಲ ಎಂಬ ವಾದ ಬಹುಕಾಲ ನಡೆಯಿತು. 2021ರಲ್ಲಿ ಅವರಿಗಾಗಿ ಕಾನೂನು ಬಂತು; ಸಾಲದ್ದಕ್ಕೆ 2025ರ ಹಂಗಾಮಿನಿಂದ ಉದ್ಯೋಗ ಒಪ್ಪಂದವನ್ನೇ ಕಡ್ಡಾಯ ಮಾಡಿದರು. ಸಿರಿವಂತ ದೇಶವೂ ಕಾಗದವಿಲ್ಲದಿದ್ದರೆ ಮೇಸ್ತ್ರಿಯ ದಾರಿಯನ್ನೇ ಹಿಡಿಯುತ್ತದೆ. ಆದರೆ ಅಲ್ಲಿ ಚರ್ಚೆ ತಿರುಗಿದ್ದು ಬಂದವರು ಯಾವ ಒಪ್ಪಂದದ ಮೇಲೆ ದುಡಿಯುತ್ತಾರೆ ಎಂಬುದರ ಸುತ್ತ. ಥಾಯ್ಲೆಂಡಿನ ಮಳೆಯ ಸುತ್ತ ಅಲ್ಲ.

ನಮ್ಮಲ್ಲೂ ಮಾದರಿ ಇತ್ತು. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಪ್ರತಿ ಕೂಲಿಗೂ ಫೋಟೊ ಅಂಟಿಸಿದ ಪಾಸ್‌ಬುಕ್ ಕೊಡಬೇಕೆಂದಿತು. ಕೂಲಿ ದರ, ಅವಧಿ, ಕಡಿತ ಎಲ್ಲ ಅದರಲ್ಲಿ. ಆದರೆ ರಾಜ್ಯದ ಗಡಿ ದಾಟಿದವರಿಗೆ ಮಾತ್ರ. ಕೂಡ್ಲಿಗಿಯಿಂದ ಮೂಡಿಗೆರೆಗೆ ಹೋದವಳಿಗೆ ಇರಲಿಲ್ಲ. ಕಾರ್ಮಿಕ ಇಲಾಖೆ ಆ ಪಾಸ್‌ಬುಕ್ಕನ್ನು ಈ ಐದು ತಾಲ್ಲೂಕುಗಳಲ್ಲಿ, ಟೆಂಪೊ ಹೊರಡುವ ಮೊದಲೇ ಕೊಡಲಿ. ಮೇಸ್ತ್ರಿಯ ಹೆಸರು ನೋಂದಣಿಯಾಗಲಿ, ಮುಂಗಡ ದಾಖಲಾಗಲಿ, ಹೆಂಡತಿಯ ಕೂಲಿ ಅವಳದೇ ಪುಸ್ತಕದಲ್ಲಿ ಬರಲಿ. ಇದಕ್ಕೆ ಅಣೆಕಟ್ಟೂ ಬೇಡ, ಮಳೆಯೂ ಬೇಡ.