ಯಶೋಮತಿಯ ಶೋಕ: ಚಿತ್ರವೂ ಪಾಠವೂ

ಒಲಿದ ಪ್ರಾಣಿಯ ಮರಣಕ್ಕೆ ಮರುಗುವವನನ್ನು ಚಿತ್ರಕಾರನು ಹೇಗೆ ಕಾಣಬೇಕು ಎಂಬ ವಿಚಾರಕ್ಕೆ ಯಶೋಧರಕಥೆಯ ಸಚಿತ್ರ ಹಸ್ತಪ್ರತಿಗಳು ಉತ್ತಮ ಆಕರಗಳು. ಜನ್ನನು ಕ್ರಿ.ಶ. 1209ರಲ್ಲಿ ಕನ್ನಡದಲ್ಲಿ ರಚಿಸಿದ ಈ ಕಥೆಗೆ ಉತ್ತರ ಹಾಗೂ ಪಶ್ಚಿಮ ಭಾರತದ ದಿಗಂಬರ ಪರಂಪರೆಯಲ್ಲಿ 15ನೆಯ ಶತಮಾನದಿಂದೀಚಿನ ಚಿತ್ರಸಹಿತ ಪ್ರತಿಗಳು ದೊರೆತಿವೆ.

ಸಂದರ್ಭವು ವಿದ್ವಾಂಸರಿಗೆ ಪರಿಚಿತವಾದುದೇ. ಹಿಟ್ಟಿನ ಕೋಳಿಯನ್ನು ಬಲಿಗೊಟ್ಟ ಸಂಕಲ್ಪಹಿಂಸೆಯ ಫಲವಾಗಿ ಯಶೋಧರನು ನವಿಲಾಗಿಯೂ ಅವನ ತಾಯಿ ಚಂದ್ರಮತಿಯು ನಾಯಿಯಾಗಿಯೂ ಹುಟ್ಟಿ, ಯಶೋಮತಿಯ ಅರಮನೆಯನ್ನೇ ಸೇರುತ್ತಾರೆ. ನಾಯಿಯು ನವಿಲನ್ನು ಕಚ್ಚುತ್ತದೆ, ನೆತ್ತವಾಡುತ್ತಿದ್ದ ಅರಸನು ಹಲಗೆಯಿಂದ ನಾಯಿಯನ್ನು ಹೊಡೆಯುತ್ತಾನೆ, ಎರಡೂ ಸಾಯುತ್ತವೆ. ಅರಸನು ಎರಡಕ್ಕೂ ಮರುಗುತ್ತಾನೆ. ತಾನು ಮರುಗುತ್ತಿರುವುದು ತಂದೆಗಾಗಿ, ಅಜ್ಜಿಗಾಗಿ ಎಂಬುದನ್ನು ಮಾತ್ರ ಅರಿಯನು.

ಅರಿಯದವನ ಶೋಕವನ್ನು ಚಿತ್ರಿಸುವುದು ಹೇಗೆ? ಅಜಂತೆಯ 10ನೆಯ ಗುಹೆಯ ಷಡ್ದಂತಜಾತಕದಲ್ಲಿ ಈ ತೊಡಕಿಲ್ಲ. ಪೂರ್ವಜನ್ಮದ ಪತಿಯಾದ ಗಜರಾಜನ ದಂತಗಳನ್ನು ಕಂಡು ರಾಣಿಯು ಮೂರ್ಛೆಹೋಗುತ್ತಾಳೆ. ಕೊಲ್ಲಿಸಿದವಳೂ ಅವಳೇ, ಬಲ್ಲವಳೂ ಅವಳೇ. ಆದುದರಿಂದ ಕುಸಿದ ಮೈಯೇ ಎಲ್ಲವನ್ನೂ ಹೇಳಬಲ್ಲುದು. ಪಶ್ಚಿಮ ಭಾರತದ ಪ್ರಾಚೀನ ಗ್ರಂಥಚಿತ್ರಗಳ ರೀತಿ ಬೇರೆ. ಅಲ್ಲಿ ಮುಖದಿಂದ ಹೊರಚಾಚಿದ ಕಣ್ಣು ಸುಖದಲ್ಲಿಯೂ ದುಃಖದಲ್ಲಿಯೂ ಹೆಚ್ಚುಕಡಿಮೆ ಒಂದೇ; ಭಾವವನ್ನು ತಿಳಿಸುವ ಹೊಣೆ ಬಹುಮಟ್ಟಿಗೆ ಕೈಗಳದು.

ಇದನ್ನು ಕಲೆಯ ಕೊರತೆಯೆಂದು ಎಣಿಸುವುದುಂಟು. ಈ ಕಥೆಯ ಮಟ್ಟಿಗಾದರೂ ಆ ಎಣಿಕೆ ಸಾಧುವೆಂದು ತೋರುವುದಿಲ್ಲ. ಶೋಕವು ನೋಕಷಾಯಗಳಲ್ಲೊಂದು, ಇಷ್ಟವಿಯೋಗದಿಂದಾಗುವ ಆರ್ತಧ್ಯಾನವು ತಿರ್ಯಂಚಗತಿಗೆ ಕಾರಣವೆಂದು ಆಚಾರ್ಯರು ಹೇಳಿದ್ದಾರೆ. ಪ್ರಾಣಿಗಾಗಿ ಅಳುವವನು ಆ ಅಳುವಿನಿಂದಲೇ ಪ್ರಾಣಿಜನ್ಮದ ದಾರಿಯನ್ನು ಹಿಡಿಯುತ್ತಿರುವಾಗ, ನೋಡುವವನನ್ನೂ ಅವನೊಡನೆ ಅಳಿಸುವ ಚಿತ್ರವು ಗ್ರಂಥದ ಆಶಯಕ್ಕೆ ವಿರುದ್ಧವಾಗುತ್ತಿತ್ತು. ಇದು ದಯೆಯ ನಿರಾಕರಣೆಯಲ್ಲ. ದಯೆಯಿದ್ದಿದ್ದರೆ ಹಲಗೆಯು ಮೇಲೇಳುತ್ತಲೇ ಇರಲಿಲ್ಲ. ಒಂದು ಪ್ರಾಣಿಯ ಮೇಲಣ ಮಮತೆಯೇ ಇನ್ನೊಂದರ ವಧೆಗೆ ಕಾರಣವಾಯಿತೆಂಬುದು ಇಲ್ಲಿಯ ತಿರುಳು.

ಈ ತಿರುಳು ತಿಳಿಯುವುದು ಚಿತ್ರದ ಪಕ್ಕದ ಅಕ್ಷರಗಳಿಂದ. ಸಚಿತ್ರ ಪತ್ರಗಳನ್ನು ಪ್ರತಿಯಿಂದ ಬೇರ್ಪಡಿಸಿ ಮಾರಿದುದರಿಂದ ಅನೇಕ ಜೈನಗ್ರಂಥಗಳು ಚೆದುರಿಹೋಗಿವೆ. ಹಾಗೆ ಒಂಟಿಯಾದ ಪತ್ರದಲ್ಲಿ ಕಾಣುವುದು ಒಬ್ಬ ಅರಸ, ಒಂದು ನವಿಲು, ಒಂದು ನಾಯಿ, ಇಷ್ಟೇ. ತಂದೆಯೂ ಇಲ್ಲ, ಅಜ್ಜಿಯೂ ಇಲ್ಲ, ಕರ್ಮವೂ ಇಲ್ಲ. ಆದಕಾರಣ ಸೂಚಿಗಳನ್ನು ಸಿದ್ಧಪಡಿಸುವವರು ಚಿತ್ರದ ವರ್ಣನೆಯೊಡನೆ ಆ ಪತ್ರದ ಎರಡೂ ಬದಿಯ ಪಾಠವನ್ನೂ ಪತ್ರಸಂಖ್ಯೆಯನ್ನೂ ತಪ್ಪದೆ ದಾಖಲಿಸುವುದು ಅವಶ್ಯ.