ಓದಿದವರ ಮತಕ್ಕೆ ಬೆಲೆಯೆಷ್ಟು?

ಅಧ್ಯಾಪಕನೊಬ್ಬ ಹುದ್ದೆಯಲ್ಲಿ ಉಳಿಯಬೇಕೇ, ಹೋಗಬೇಕೇ ಎಂಬುದನ್ನು ಯಾರು ತೀರ್ಮಾನಿಸಬೇಕು? ಅವನ ಬರಹ ಓದಿದ, ಅವನ ಪಾಠ ಬಲ್ಲ ಸಹೋದ್ಯೋಗಿಗಳೇ? ಅಥವಾ ಸಂಸ್ಥೆಯ ಹೆಸರು, ಹಣ, ದಾನಿಗಳ ಮುನಿಸು ಎಲ್ಲವನ್ನೂ ತೂಗಿ ನೋಡಬೇಕಾದ ಆಡಳಿತಗಾರರೇ? ಮೇಲ್ನೋಟಕ್ಕೆ ಇದು ವಿಶ್ವವಿದ್ಯಾನಿಲಯದ ಒಳಮನೆಯ ಜಗಳ. ಆದರೆ ಸಮಾಜಕ್ಕೆ ಅಪ್ರಿಯವಾದುದನ್ನು ಹೇಳುವ ವಿದ್ವಾಂಸರು ಉಳಿಯುತ್ತಾರೋ ಇಲ್ಲವೋ ಎಂಬುದು ಬಹುಮಟ್ಟಿಗೆ ಈ ಒಳಮನೆಯಲ್ಲೇ ನಿರ್ಧಾರವಾಗುತ್ತದೆ. ಇದನ್ನು ವಿಸ್ತಾರವಾದ ವಿಧಿವಿಧಾನವಾಗಿ ಬೆಳೆಸಿದ ದೇಶ ಅಮೆರಿಕ. ಆದ್ದರಿಂದ ಅಲ್ಲಿಂದಲೇ ಆರಂಭಿಸೋಣ.

ಅಲ್ಲಿ ಹೊಸದಾಗಿ ಸೇರಿದ ಸಹಾಯಕ ಪ್ರಾಧ್ಯಾಪಕನಿಗೆ ಮೊದಲು ಸಿಗುವುದು ಕೆಲವು ವರ್ಷಗಳ ಒಪ್ಪಂದ, ಸಾಮಾನ್ಯವಾಗಿ ಮೂರು ವರ್ಷಗಳದ್ದು. ಅದು ಮುಗಿಯುವ ಹೊತ್ತಿಗೆ ಮರುನೇಮಕದ ಪರಿಶೀಲನೆ ನಡೆಯುತ್ತದೆ. ಅದರಲ್ಲಿ ಪಾರಾದರೆ ಆರನೆಯ ವರ್ಷದ ಆಸುಪಾಸಿನಲ್ಲಿ ನಿಜವಾದ ಪರೀಕ್ಷೆ ಬರುತ್ತದೆ. ಅದೇ ಟೆನ್ಯೂರ್. ಸಕಾರಣವಿಲ್ಲದೆ ಕಿತ್ತುಹಾಕಲಾಗದ ಖಾಯಂ ಹುದ್ದೆ ಎಂದರ್ಥ. ಅಭ್ಯರ್ಥಿ ತನ್ನ ಸಂಶೋಧನೆ, ಬೋಧನೆ, ಸೇವೆಗಳ ದಾಖಲೆಗಳನ್ನು ಸೇರಿಸಿ ದಪ್ಪ ಕಡತವೊಂದನ್ನು ಸಿದ್ಧಪಡಿಸುತ್ತಾನೆ. ಬೇರೆ ವಿಶ್ವವಿದ್ಯಾನಿಲಯಗಳ ವಿದ್ವಾಂಸರಿಗೆ ಅವನ ಕೃತಿಗಳನ್ನು ಕಳುಹಿಸಿ ಅಭಿಪ್ರಾಯ ಪಡೆಯುತ್ತಾರೆ. ಬಳಿಕ ಕಡತ ಮೆಟ್ಟಿಲೇರತೊಡಗುತ್ತದೆ. ಮೊದಲು ವಿಭಾಗದ ಖಾಯಂ ಅಧ್ಯಾಪಕರ ಮತ, ನಂತರ ಕಾಲೇಜಿನ ಸಮಿತಿ, ಡೀನ್, ಇಡೀ ವಿಶ್ವವಿದ್ಯಾನಿಲಯದ ಸಮಿತಿ, ಅಧ್ಯಕ್ಷ, ಅನೇಕ ಕಡೆ ಕೊನೆಯಲ್ಲಿ ಆಡಳಿತ ಮಂಡಳಿ. ಗೆದ್ದರೆ ಸಾಮಾನ್ಯವಾಗಿ ಸಹ ಪ್ರಾಧ್ಯಾಪಕನಾಗಿ ಬಡ್ತಿ; ಪೂರ್ಣ ಪ್ರಾಧ್ಯಾಪಕನಾಗಲು ಮುಂದೆ ಇನ್ನೊಂದು ಪರಿಶೀಲನೆ. ಸೋತರೆ ಒಂದು ವರ್ಷದ ಗಡುವು, ಆಮೇಲೆ ಗಂಟುಮೂಟೆ ಕಟ್ಟಬೇಕು.

ಇಷ್ಟೊಂದು ಮೆಟ್ಟಿಲುಗಳೇಕೆ? ಇದರ ಹಿಂದೆ ಒಂದು ಕಹಿ ಅನುಭವವಿದೆ. ರೈಲ್ವೆಯಿಂದ ಬಂದ ಸಂಪತ್ತಿನಲ್ಲಿ ಕಟ್ಟಿದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ 1900ರಲ್ಲಿ ಎಡ್ವರ್ಡ್ ರಾಸ್ ಎಂಬ ಪ್ರಾಧ್ಯಾಪಕರು ಹುದ್ದೆ ಕಳೆದುಕೊಂಡರು. ಅವರ ರಾಜಕೀಯ, ಆರ್ಥಿಕ ಅಭಿಪ್ರಾಯಗಳು ಸಹ ಸಂಸ್ಥಾಪಕಿ ಜೇನ್ ಸ್ಟ್ಯಾನ್‌ಫರ್ಡ್‌ಗೆ ಹಿಡಿಸಿರಲಿಲ್ಲ. ಆಕೆಯ ಒತ್ತಾಯವೇ ಸಾಕಾಯಿತು. ಪ್ರತಿಭಟಿಸಿ ರಾಜೀನಾಮೆ ಕೊಟ್ಟವರಲ್ಲಿ ಆರ್ಥರ್ ಲವ್‌ಜಾಯ್ ಒಬ್ಬರು. 1915ರಲ್ಲಿ ಅವರೂ ಜಾನ್ ಡ್ಯೂಯಿಯೂ ಮುಂದೆ ನಿಂತು ಅಮೆರಿಕದ ವಿಶ್ವವಿದ್ಯಾನಿಲಯ ಪ್ರಾಧ್ಯಾಪಕರ ಸಂಘವನ್ನು ಕಟ್ಟಿದರು. ಪರೀಕ್ಷಾವಧಿ ಏಳು ವರ್ಷ ಮೀರಬಾರದು, ಆ ಬಳಿಕ ಖಾಯಂ ಆದವರನ್ನು ಸಕಾರಣವಿಲ್ಲದೆ ತೆಗೆಯಬಾರದು ಎಂಬ ತತ್ವ 1940ರ ಹೇಳಿಕೆಯಲ್ಲಿ ನೆಲೆಗೊಂಡಿತು. ಅಂದರೆ ಹಣ ಕೊಟ್ಟವರ ಕೈಯಿಂದ ತೀರ್ಪನ್ನು ಬಿಡಿಸಿ, ವಿಷಯ ಬಲ್ಲವರ ಕೈಗೆ ಕೊಡುವುದೇ ಈ ವ್ಯವಸ್ಥೆಯ ಮೂಲ ಉದ್ದೇಶ.

ಆ ಉದ್ದೇಶ ಎಷ್ಟರಮಟ್ಟಿಗೆ ಈಡೇರಿದೆ? ಶಿಕಾಗೋದ ಡಿಪಾಲ್ ವಿಶ್ವವಿದ್ಯಾನಿಲಯದಲ್ಲಿ 2007ರಲ್ಲಿ ನಡೆದ ಪ್ರಕರಣವನ್ನು ನೋಡಿ. ರಾಜ್ಯಶಾಸ್ತ್ರದ ಅಧ್ಯಾಪಕ ನಾರ್ಮನ್ ಫಿಂಕೆಲ್‌ಸ್ಟೀನ್ ಯಹೂದಿ. ಅವರ ತಂದೆ ತಾಯಿ ನಾಝಿ ಶಿಬಿರಗಳಿಂದ ಬದುಕಿ ಬಂದವರು. ಇಸ್ರೇಲಿನ ನೀತಿಯನ್ನು, ಯಹೂದಿಗಳ ನರಮೇಧದ ನೆನಪನ್ನು ರಾಜಕೀಯ ಲಾಭಕ್ಕೆ ಬಳಸುವುದನ್ನು ಅವರು ಕಟುವಾಗಿ ಟೀಕಿಸಿದ್ದರು. ಹಾರ್ವರ್ಡ್‌ನ ಕಾನೂನು ಪ್ರಾಧ್ಯಾಪಕ ಅಲನ್ ಡರ್ಶೊವಿಟ್ಝ್‌ರ ಪುಸ್ತಕವೊಂದನ್ನು ತಮ್ಮ ಕೃತಿಯಲ್ಲಿ ತರಾಟೆಗೆ ತೆಗೆದುಕೊಂಡಿದ್ದರು. ಫಿಂಕೆಲ್‌ಸ್ಟೀನ್‌ಗೆ ಟೆನ್ಯೂರ್ ಕೊಡಬಾರದೆಂದು ಡರ್ಶೊವಿಟ್ಝ್ ಹೊರಗಿನಿಂದಲೇ ಪ್ರಚಾರ ನಡೆಸಿ, ಡಿಪಾಲ್‌ನ ಅಧ್ಯಾಪಕರಿಗೆ ದೂರಿನ ಕಡತ ಕಳುಹಿಸಿದರು.

ಈಗ ಮೆಟ್ಟಿಲುಗಳನ್ನು ಎಣಿಸೋಣ. ವಿಭಾಗದಲ್ಲಿ ಫಿಂಕೆಲ್‌ಸ್ಟೀನ್ ಪರ 9 ಮತ, ವಿರುದ್ಧ 3. ಕಾಲೇಜಿನ ಸಮಿತಿಯಲ್ಲಿ ಐದಕ್ಕೆ ಐದೂ ಮತ ಪರ. ಮೂರನೆಯ ಮೆಟ್ಟಿಲಿನಲ್ಲಿ ಡೀನ್ ತಿರುಗಿ ನಿಂತರು. ಅವರ ಬರಹದ ಧಾಟಿ, ವ್ಯಕ್ತಿಗಳ ಮೇಲಿನ ದಾಳಿ, ಮನುಷ್ಯ ಘನತೆಯನ್ನು ಗೌರವಿಸುವ ಈ ಕೆಥೊಲಿಕ್ ಸಂಸ್ಥೆಯ ಮೌಲ್ಯಗಳಿಗೆ ಹೊಂದುವುದಿಲ್ಲ ಎಂಬುದು ಅವರ ವಾದ. ವಿಶ್ವವಿದ್ಯಾನಿಲಯದ ಸಮಿತಿಯಲ್ಲಿ ವಿರುದ್ಧ 4, ಪರ 3. ಜೂನ್ 2007ರಲ್ಲಿ ಅಧ್ಯಕ್ಷರು ಟೆನ್ಯೂರ್ ನಿರಾಕರಿಸಿದರು. ಸೆಪ್ಟೆಂಬರಿನಲ್ಲಿ ರಾಜಿಯಾಗಿ ಫಿಂಕೆಲ್‌ಸ್ಟೀನ್ ಹೊರಟಾಗ, ಅವರು ಹೇರಳವಾಗಿ ಬರೆದ ವಿದ್ವಾಂಸ, ಅತ್ಯುತ್ತಮ ಅಧ್ಯಾಪಕ ಎಂದು ಅದೇ ವಿಶ್ವವಿದ್ಯಾನಿಲಯ ಹೇಳಿಕೆ ನೀಡಿತು! ವಿದ್ವತ್ತಿಗೂ ಬೋಧನೆಗೂ ಕೊರತೆಯಿಲ್ಲವೆಂದಾದರೆ ನಿರಾಕರಿಸಿದ್ದು ಯಾವುದಕ್ಕಾಗಿ?

ಫಿಂಕೆಲ್‌ಸ್ಟೀನ್‌ರ ಭಾಷೆ ಹರಿತವಾದುದು, ಕೆಲವೊಮ್ಮೆ ಅನಗತ್ಯವಾಗಿ ಚುಚ್ಚುವಂಥದು ಎಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ನರಮೇಧದ ಇತಿಹಾಸಕಾರರಲ್ಲಿ ಅಗ್ರಗಣ್ಯರಾದ ರೌಲ್ ಹಿಲ್‌ಬರ್ಗ್ ಅವರ ಸಂಶೋಧನೆಯನ್ನು ಬಹಿರಂಗವಾಗಿ ಮೆಚ್ಚಿದ್ದರು. ಇಲ್ಲಿ ನಮ್ಮ ಆಕ್ಷೇಪ ಬೇರೆ. ಕಡತ ವಿಷಯ ಬಲ್ಲವರ ಬಳಿ ಇದ್ದಾಗ ಚರ್ಚೆ ಪುಸ್ತಕದ್ದು. ಪುರಾವೆ ಸರಿಯೇ, ವಾದ ನಿಲ್ಲುತ್ತದೆಯೇ ಎಂಬುದು. ಕಡತ ಮೇಲೇರಿದಂತೆ ಚರ್ಚೆ ಪುಸ್ತಕ ಬಿಟ್ಟು ನಡತೆಯ ಕಡೆಗೆ ಹೊರಳುತ್ತದೆ. ಪುರಾವೆ ತಪ್ಪೆಂದರೆ ಉತ್ತರ ಕೊಡಬಹುದು. 'ಧಾಟಿ ಸರಿಯಿಲ್ಲ' ಎಂದರೆ ಯಾವ ಉತ್ತರ ಕೊಡುವುದು? ಸಹೋದ್ಯೋಗಿಗಳೊಂದಿಗಿನ ಹೊಂದಾಣಿಕೆಯನ್ನು ಪ್ರತ್ಯೇಕ ಮಾನದಂಡ ಮಾಡಬಾರದೆಂದು ಪ್ರಾಧ್ಯಾಪಕರ ಸಂಘ 1999ರಲ್ಲೇ ಎಚ್ಚರಿಸಿತ್ತು. ಭಿನ್ನಮತೀಯರನ್ನು ಹೊರದೂಡಲು ಅದಕ್ಕಿಂತ ಸುಲಭದ ಅಸ್ತ್ರ ಇನ್ನೊಂದಿಲ್ಲ.

ಇದು ಒಂಟಿ ಪ್ರಕರಣವೂ ಅಲ್ಲ. ಇಲಿನಾಯ್ ವಿಶ್ವವಿದ್ಯಾನಿಲಯ ಸ್ಟೀವನ್ ಸಲೈಟಾರಿಗೆ ಟೆನ್ಯೂರ್ ಸಹಿತ ಹುದ್ದೆ ಕೊಡಲು ಒಪ್ಪಿ, 2014ರ ಗಾಝಾ ಯುದ್ಧದ ವೇಳೆ ಅವರು ಮಾಡಿದ ಟ್ವೀಟ್‌ಗಳ ಬಳಿಕ ಹಿಂದೆಗೆಯಿತು. ಅವರು ಆಗಲೇ ಹಳೆಯ ಹುದ್ದೆ ಬಿಟ್ಟಿದ್ದರು. ಅಲ್ಲಿ ಮುಂದಿಟ್ಟ ಮಾತು 'ಸಭ್ಯತೆ'. ಆಡಳಿತ ಮಂಡಳಿ 8–1 ಮತದಿಂದ ನೇಮಕವನ್ನು ತಿರಸ್ಕರಿಸಿತು. ಆದರೆ 2015ರಲ್ಲಿ ವಿಶ್ವವಿದ್ಯಾನಿಲಯ 8,75,000 ಡಾಲರ್ ತೆತ್ತು ರಾಜಿ ಮಾಡಿಕೊಂಡಿತು. 2021ರಲ್ಲಿ ನಾರ್ತ್ ಕೆರೊಲಿನಾ ವಿಶ್ವವಿದ್ಯಾನಿಲಯದಲ್ಲಿ ಪತ್ರಕರ್ತೆ ನಿಕೋಲ್ ಹ್ಯಾನಾ-ಜೋನ್ಸ್‌ರ ಸರದಿ. ಅಮೆರಿಕದ ಇತಿಹಾಸದಲ್ಲಿ ಗುಲಾಮಗಿರಿಯ ಪಾತ್ರವನ್ನು ಕುರಿತ ಅವರ ಕೆಲಸ ಅನೇಕರನ್ನು ಕೆರಳಿಸಿತ್ತು. ಅಧ್ಯಾಪಕರು ಟೆನ್ಯೂರ್‌ಗೆ ಶಿಫಾರಸು ಮಾಡಿದ್ದರೂ ಆಡಳಿತ ಮಂಡಳಿ ಅದನ್ನು ಕೈಗೆತ್ತಿಕೊಳ್ಳಲೇ ಇಲ್ಲ. ಪತ್ರಿಕೋದ್ಯಮ ಶಾಲೆಗೆ ದೊಡ್ಡ ಮೊತ್ತ ಕೊಟ್ಟ ದಾನಿಯೊಬ್ಬರು ನೇಮಕದ ಬಗ್ಗೆ ಅಸಮಾಧಾನ ತಿಳಿಸಿದ್ದೂ ಹೊರಬಿತ್ತು. ಪ್ರತಿಭಟನೆಯ ನಂತರ 9–4 ಮತದಿಂದ ಟೆನ್ಯೂರ್ ಕೊಟ್ಟಾಗ ಅವರು ಅದನ್ನು ನಿರಾಕರಿಸಿ ಹೊವಾರ್ಡ್ ವಿಶ್ವವಿದ್ಯಾನಿಲಯಕ್ಕೆ ಹೋದರು.

ಮೇಲಿನ ಮೆಟ್ಟಿಲುಗಳೇ ಬೇಡವೆಂದು ನಾವು ಹೇಳುತ್ತಿಲ್ಲ. ವಿಭಾಗಗಳಲ್ಲೂ ಗುಂಪುಗಾರಿಕೆಯಿದೆ, ಸ್ನೇಹದ ಮತವಿದೆ, ಅಸೂಯೆಯ ಮತವೂ ಇದೆ. ಅದನ್ನು ತಡೆಯಲು ಹೊರಗಿನ ಕಣ್ಣು ಬೇಕು. ಆದರೆ ಕೆಳಗಿನವರ ತೀರ್ಪನ್ನು ಬದಲಿಸುವವರು ಅದೇ ವಿಷಯದ ಮೇಲೆ, ಇನ್ನೂ ಗಟ್ಟಿಯಾದ ಕಾರಣ ಕೊಡಬೇಕು. ಹೊಸ ಮಾನದಂಡವೊಂದನ್ನು ನಡುವೆ ತಂದು ನಿಲ್ಲಿಸುವುದು ಪರಿಶೀಲನೆಯಲ್ಲ. ಮಿಗಿಲಾಗಿ, ಅಮೆರಿಕದ ಅಧ್ಯಾಪಕರಲ್ಲಿ ಸುಮಾರು ಮೂರನೇ ಎರಡರಷ್ಟು ಮಂದಿ ಇಂದು ಟೆನ್ಯೂರ್‌ನ ದಾರಿಯಲ್ಲೇ ಇಲ್ಲ. ಅವರನ್ನು ಹೊರಹಾಕಲು ಮತ ಎಣಿಸುವ ಗೊಡವೆಯೂ ಬೇಕಿಲ್ಲ. ಒಪ್ಪಂದ ನವೀಕರಿಸದಿದ್ದರೆ ಮುಗಿಯಿತು.

ನಮ್ಮಲ್ಲಿನ ಕಾಯಿಲೆ ಬೇರೆ ಬಗೆಯದು. ಅಲ್ಲಿ ಓದಿದವರ ಮತವನ್ನು ಮೇಲಿನವರು ತಳ್ಳಿಹಾಕಿದರೆ, ಇಲ್ಲಿ ಓದುವ ಅಗತ್ಯವನ್ನೇ ಅಂಕಗಳು ಕಿತ್ತುಕೊಂಡವು. ಯುಜಿಸಿ 2010ರ ನಿಯಮಾವಳಿಯಲ್ಲಿ ಬಡ್ತಿಗೆ ಅಂಕಪಟ್ಟಿಯನ್ನು ತಂದಿತು. ತಜ್ಞರು ಪರಿಶೀಲಿಸಿ ಪ್ರಕಟಿಸುವ ಪತ್ರಿಕೆಯಲ್ಲಿ ಒಂದು ಲೇಖನಕ್ಕೆ 15 ಅಂಕ, ರಾಷ್ಟ್ರಮಟ್ಟದ ಪ್ರಕಾಶಕರ ಪುಸ್ತಕಕ್ಕೆ 25. ಲೇಖನದಲ್ಲಿ ಏನಿದೆ ಎಂಬುದಕ್ಕಿಂತ ಅದು ಎಲ್ಲಿ ಅಚ್ಚಾಯಿತು, ಐಎಸ್‌ಎಸ್‌ಎನ್ ಇದೆಯೇ ಎಂಬುದೇ ಮುಖ್ಯವಾಯಿತು. ಹಣ ಕೊಟ್ಟರೆ ಏನನ್ನೂ ಪ್ರಕಟಿಸುವ ಪತ್ರಿಕೆಗಳು ನಾಯಿಕೊಡೆಗಳಂತೆ ಎದ್ದವು. ಅವನ್ನು ಸೋಸಲು ತಂದ ಕೇರ್ ಪಟ್ಟಿಯನ್ನು ಯುಜಿಸಿಯೇ 2025ರಲ್ಲಿ ಕೈಬಿಟ್ಟಿತು. ಇನ್ನು ಕರ್ನಾಟಕದ ಸರಕಾರಿ ಪದವಿ ಕಾಲೇಜುಗಳನ್ನು ಹೊತ್ತು ನಿಂತಿರುವ ಸಾವಿರಾರು ಅತಿಥಿ ಉಪನ್ಯಾಸಕರಿಗೆ ಬಡ್ತಿಯ ಮಾತಿರಲಿ, ಮುಂದಿನ ವರ್ಷದ ಕೆಲಸದ ಭರವಸೆಯೂ ಇಲ್ಲ. ನಾಳೆಯ ಅನ್ನದ ಚಿಂತೆಯಲ್ಲಿರುವವರಿಂದ ನಿರ್ಭಯದ ಪಾಠವನ್ನು ನಿರೀಕ್ಷಿಸುವ ಹಕ್ಕು ನಮಗಿದೆಯೇ?

ಕೊನೆಗೆ ನಮ್ಮನ್ನೂ ಒಂದು ಪ್ರಶ್ನೆಗೆ ಒಡ್ಡಿಕೊಳ್ಳಬೇಕು. ಫಿಂಕೆಲ್‌ಸ್ಟೀನ್ ಪರ ಮಾತಾಡುವುದು ನಮಗೆ ಕಷ್ಟವಲ್ಲ. ಅವರ ನಿಲುವು ನಮ್ಮಲ್ಲಿ ಅನೇಕರಿಗೆ ಪ್ರಿಯವಾದುದು. ಆದರೆ ಈ ರಕ್ಷಣೆಯ ಕತೆ ಆರಂಭವಾದದ್ದೇ ರಾಸ್‌ರಿಂದ. ಅವರನ್ನು ಕಿತ್ತುಹಾಕಲು ಕಾರಣವಾದ ಮಾತುಗಳಲ್ಲಿ ಏಷ್ಯದ ವಲಸೆ ಕಾರ್ಮಿಕರ ವಿರುದ್ಧದ ವರ್ಣದ್ವೇಷದ ಮಾತುಗಳೂ ಇದ್ದವು. ಆ ಮಾತುಗಳನ್ನು ನಾವು ಖಂಡಿಸುತ್ತೇವೆ. ಆದರೂ ಉತ್ತರ ಕೊಡಬೇಕಾದವರು ಸಹ ವಿದ್ವಾಂಸರೇ ಹೊರತು ಹಣ ಹಾಕಿದ ಒಡತಿಯಲ್ಲ. ನಮಗೆ ಬೇಕಾದವರಿಗಷ್ಟೇ ಕೇಳುವ ನ್ಯಾಯ ನಾಳೆ ನಮಗೇ ಮುಳುವಾಗದೆ ಇರದು. ಒಪ್ಪದ ಪುಸ್ತಕವನ್ನೂ ಮೊದಲು ಓದಿ, ಆಮೇಲೆ ಮತ ಹಾಕುವ ಶಿಸ್ತು ವಿಭಾಗದ ಕೋಣೆಯಲ್ಲಿ ಮಾತ್ರವಲ್ಲ, ನಮ್ಮ ನಡುವೆಯೂ ಬೆಳೆಯಬೇಕಾಗಿದೆ.